ಹಾಯಿಹಡಗಿನ ಡೆಕ್ಕಿನ ಮೇಲೆ 1780ರ ಉಡುಪು

ಚಾರಿತ್ರಿಕ ಉಡುಪು ಹೊಲಿದು ತೊಡುವವರಲ್ಲಿ ಹೆಚ್ಚಿನವರು ಮೊದಲು ಬಟ್ಟೆ ಗೊತ್ತುಮಾಡಿಕೊಂಡು ಆಮೇಲೆ ಜಾಗ ಹುಡುಕುತ್ತಾರೆ. ಹಾಯಿಹಡಗಿನ ವಿಷಯದಲ್ಲಿ ಈ ಕ್ರಮ ನಡೆಯುವುದಿಲ್ಲ. ನೃತ್ಯಕೂಟಕ್ಕೆ ಹೊಲಿದ ರೇಷ್ಮೆ ಗೌನನ್ನು ಡೆಕ್ಕಿನ ಮೇಲೆ ತಂದರೆ ಗಾಳಿ ಅದನ್ನು ಎತ್ತುತ್ತದೆ, ಒದ್ದೆ ಹಲಗೆ ಅಂಚನ್ನು ನೆನೆಸುತ್ತದೆ, ಹಗ್ಗಕ್ಕೆ ಬಳಿದ ಟಾರು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ನಮ್ಮ ಗುಂಪು ಮೊದಲು ಹಡಗನ್ನು ನೋಡಿತು, ಆಮೇಲೆ ಕತ್ತರಿ ಹಿಡಿಯಿತು.

ದಿನದ ಸವಾರಿಗೆ ಬಾಡಿಗೆಗೆ ಸಿಗುವ ಹಳೆಯ ಹಾಯಿಹಡಗುಗಳಲ್ಲಿ ಬಹಳಷ್ಟು 19ನೆಯ ಶತಮಾನದ ಕೊನೆಯಲ್ಲೋ 20ನೆಯ ಶತಮಾನದ ಆರಂಭದಲ್ಲೋ ಸರಕು ಸಾಗಿಸಲು ಕಟ್ಟಿದವು. 1745ರಲ್ಲಿ ಬಂದರಿನ ಬಾಯಲ್ಲೇ ಮುಳುಗಿದ ಸ್ವೀಡನ್ನಿನ ಯೋಟೆಬೋರಿ, 1780ರಲ್ಲಿ ಸೇನಾಧಿಕಾರಿ ಲಫಾಯೆಟ್‌ನನ್ನು ಅಮೆರಿಕಕ್ಕೆ ಒಯ್ದ ಫ್ರಾನ್ಸಿನ ಎರ್ಮಿಯೋನ್, ಇಂಥವುಗಳ ಪ್ರತಿರೂಪಗಳನ್ನು ನಮ್ಮ ಕಾಲದಲ್ಲಿ ಕಟ್ಟಿದ್ದಾರೆ ನಿಜ. ಆದರೆ ಅವು ಇಡೀ ದಿನ ಒಂದು ಗುಂಪಿನ ಕೈಗೆ ಸಿಗುವ ಹಡಗುಗಳಲ್ಲ. ಎರಡು ಕೂವೆಯ ಗ್ಯಾಫ್ ಸ್ಕೂನರ್, ಎಂದರೆ ಹಾಯಿಯ ಮೇಲಂಚಿಗೆ ಅಡ್ಡಮರವಿರುವ ಹಡಗು, ಸಿಕ್ಕರೆ ಸಾಕು. ಸ್ಕೂನರ್‌ಗಳು 18ನೆಯ ಶತಮಾನದಲ್ಲೂ ಓಡಾಡುತ್ತಿದ್ದವು, 1780ರ ದಶಕದ ಉಡುಪಿಗೆ ಕಣ್ಣಿಗೆ ಕುಕ್ಕುವಂಥ ವಿರೋಧವೇನೂ ಇಲ್ಲ. ಎಂಜಿನ್ನು ಹೇಗೂ ಕೆಳಗಿದೆ. ಇನ್ನೂ ಪಟ್ಟು ಹಿಡಿಯುವವರು ಹಡಗು ಕಟ್ಟಿದ ವರ್ಷಕ್ಕೇ ಉಡುಪು ಹೊಲಿದುಕೊಳ್ಳಬಹುದು. ಆದರೆ 1856ರಲ್ಲಿ ಪೇಟೆಂಟ್ ಪಡೆದ ಲಂಗವನ್ನು ಉಬ್ಬಿಸಿ ಹಿಡಿಯುವ ಉಕ್ಕಿನ ಬಳೆಗಳ ಕ್ರಿನೊಲಿನ್ ಮಾತ್ರ ಬೇಡ. ಅದು ಏಣಿಯ ಕಿಂಡಿಯಲ್ಲಿ ತೂರುವುದಿಲ್ಲ, ಕುಳಿತರೆ ಮುಂದಿನ ಬಳೆ ಮೇಲೇಳುತ್ತದೆ, ಗಾಳಿ ಒಳಗೆ ಹೊಕ್ಕರಂತೂ ತೊಟ್ಟವರ ಹಿಡಿತಕ್ಕೇ ಸಿಗುವುದಿಲ್ಲ.

1780ರ ಹೆಂಗಸರ ಉಡುಪಿನಲ್ಲಿ ಡೆಕ್ಕಿಗೆ ಒಗ್ಗುವುದು ದುಡಿಯುವ ವರ್ಗದ ಜೋಡಿ: ಮೊಣಕಾಲು ದಾಟುವ ಲಿನನ್ ಶಿಫ್ಟ್ (ಒಳ ಅಂಗಿ), ಸ್ಟೇಸ್ (ಕಡ್ಡಿ ಕೂರಿಸಿ ದಾರದಿಂದ ಬಿಗಿಯುವ ಒಳಕವಚ), ಸೊಂಟಕ್ಕೆ ಕಟ್ಟುವ ಜೇಬುಗಳು, ಎರಡು ಲಂಗ, ಮೇಲೊಂದು ಗಿಡ್ಡ ಜಾಕೆಟ್, ಕುತ್ತಿಗೆಗೆ ಚೌಕ. ಲಂಗವನ್ನು ಎರಡು ತುಂಡಾಗಿ ಹೊಲಿದು ಮುಂದಿನ ಭಾಗದ ಲಾಡಿಯನ್ನು ಹಿಂದಕ್ಕೆ, ಹಿಂದಿನದರ ಲಾಡಿಯನ್ನು ಮುಂದಕ್ಕೆ ತಂದು ಕಟ್ಟುವುದು ಆ ಕಾಲದ ಪದ್ಧತಿ. ಇದರಿಂದ ಎರಡೂ ಪಕ್ಕದಲ್ಲಿ ಒಂದು ಗೇಣು ಉದ್ದದ ಸೀಳು ಉಳಿಯುತ್ತದೆ. ಒಳಗಿನ ಜೇಬಿಗೆ ಕೈ ಹಾಕಲು ಮಾಡಿದ ಈ ಸೀಳು ಹಡಗಿನಲ್ಲಿ ಇನ್ನೂ ಎರಡು ಕೆಲಸಕ್ಕೆ ಬರುತ್ತದೆ, ಅವು ಮುಂದೆ ಬರುತ್ತವೆ. ನೆಲದ ಮೇಲೆ ತೊಡುವ ಲಂಗಕ್ಕೆ ಅಂಚಿನ ಸುತ್ತಳತೆ 3 ಮೀಟರ್ ಇಡುತ್ತೇವಾದರೆ ಡೆಕ್ಕಿಗೆ 2.4 ಮೀಟರ್ ಸಾಕು. ಹೆಚ್ಚಾದ ನೆರಿಗೆಯೆಲ್ಲ ಗಾಳಿಯ ಪಾಲು. ಅಂಚು ನೆಲದಿಂದ 12ರಿಂದ 15 ಸೆಂಟಿಮೀಟರ್ ಮೇಲಿರಲಿ. ದುಡಿಯುವ ಹೆಂಗಸರ ಲಂಗ ಆಗಲೂ ಕಣಕಾಲು ಕಾಣುವಷ್ಟು ಮೇಲಿರುತ್ತಿತ್ತು, ಹಾಗಾಗಿ ಕಾಲಕ್ಕೆ ದ್ರೋಹವೇನೂ ಆಗುವುದಿಲ್ಲ. ಮೇಲಿನ ಲಂಗ ಉಣ್ಣೆಯದಾಗಿರಲಿ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ, ತೂಕದಿಂದ ಕೆಳಗೇ ನಿಲ್ಲುತ್ತದೆ. ಹತ್ತಿ ಒದ್ದೆಯಾದರೆ ಮೈಗಂಟಿ ಚಳಿ ಹಿಡಿಸುತ್ತದೆ. ಅಂಚಿನೊಳಗೆ ಸೀಸದ ತೂಕ ಹೊಲಿದುಕೊಂಡು ಬರುವವರಿದ್ದಾರೆ. ನೀರಿಗೆ ಬಿದ್ದ ಗಳಿಗೆಯನ್ನು ನೆನೆದರೆ ಅದು ಒಳ್ಳೆಯ ಯೋಚನೆಯಲ್ಲ.

ಉದ್ದ ಗೌನೇ ಬೇಕೆನ್ನುವವರಿಗೆ ದಾರಿ ಆ ಪಕ್ಕದ ಸೀಳಿನಲ್ಲಿದೆ. ಗೌನಿನ ಹಿಂಬದಿಯ ಅಂಚನ್ನು ಎರಡೂ ಕಡೆ ಹಿಡಿದು ಸೀಳಿನ ಒಳಗಿಂದ ಎಳೆದು ಹೊರಗೆ ಇಳಿಬಿಡುವುದು ಆ ಕಾಲದವರೇ ಮಾಡುತ್ತಿದ್ದ ಉಪಾಯ. ಹಿಂದೆ ಬಟ್ಟೆ ಉಬ್ಬಿ ನಿಲ್ಲುತ್ತದೆ, ಕಾಲಿಗೆ ತೊಡರುವುದಿಲ್ಲ. ಆದರೂ ಗೌನಿನ ತೋಳಿನದು ಬೇರೆಯದೇ ತಕರಾರು: ಮೈಗೆ ಬಿಗಿಯಾಗಿ ಕೂರುವ ಆ ತೋಳಿನಲ್ಲಿ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಗ್ಗ ಎಳೆದರೆ ಕಂಕುಳ ಹೊಲಿಗೆ ಕಿತ್ತುಬರುತ್ತದೆ. ತೋಳನ್ನೂ ಮೈಯನ್ನೂ ಒಂದೇ ತುಂಡಿನಲ್ಲಿ ಕತ್ತರಿಸಿದ ಸಡಿಲ ಜಾಕೆಟ್ಟಿಗೆ ಈ ಕಷ್ಟವಿಲ್ಲ.

ಇನ್ನು ಗುಂಡುಸೂಜಿ. 1780ರ ಹೆಂಗಸರ ಉಡುಪಿನ ಮುಂಭಾಗವನ್ನು ಗುಂಡಿಯಿಂದ ಮುಚ್ಚುವುದು ಕಡಿಮೆ, ಗುಂಡುಸೂಜಿಯಿಂದಲೇ ಹೆಚ್ಚು. ನೆಲದ ಮೇಲೆ ಇದರಷ್ಟು ಸಲೀಸಾದದ್ದು ಇಲ್ಲ. ಹಡಗಿನಲ್ಲಿ ಕೊಡುವ ಲೈಫ್ ಜಾಕೆಟ್ ಮಾತ್ರ ಗಾಳಿ ತುಂಬಿಕೊಳ್ಳುವ ಬಗೆಯದಾಗಿದ್ದರೆ ಅದರ ಚೀಲ ಸರಿಯಾಗಿ ಈ ಸೂಜಿಗಳ ಮೇಲೇ ಕೂರುತ್ತದೆ. ಚೀಲಕ್ಕೆ ತೂತು ಬಿದ್ದರೆ ತಿಳಿಯುವುದು ನೀರಿಗೆ ಬಿದ್ದ ಮೇಲೆಯೇ. ಇದಲ್ಲದೆ ಉದುರಿದ ಸೂಜಿ ಹಲಗೆಗಳ ಸಂದಿಯಲ್ಲಿ ನಿಂತು ಬರಿಗಾಲಿನ ನಾವಿಕರಿಗೆ ಚುಚ್ಚುತ್ತದೆ. ನಾವು ಜಾಕೆಟ್ಟಿನ ಒಳಗೆ ಹಿತ್ತಾಳೆಯ ಕೊಕ್ಕೆಗಳನ್ನು ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಹೊಲಿದೆವು. ಚೌಕದ ತುದಿಗಳನ್ನು ಸೂಜಿಯಿಂದ ಸಿಕ್ಕಿಸದೆ ಸ್ಟೇಸ್‌ನ ಒಳಗೆ ತುರುಕಿ ನಾಲ್ಕು ಹೊಲಿಗೆ ಹಾಕಿದೆವು. ಮನೆಗೆ ಬಂದು ಆ ದಾರ ಕತ್ತರಿಸಿದರಾಯಿತು. ಬ್ರೂಚು, ಹ್ಯಾಟಿನ ಉದ್ದ ಸೂಜಿ, ಇವಕ್ಕೂ ಇದೇ ನಿಯಮ.

ಸ್ಟೇಸ್‌ಗೆ ಆಗ ಹಾಕುತ್ತಿದ್ದುದು ತಿಮಿಂಗಿಲದ ಬಾಯಿಯ ಬಲೀನ್ ಕಡ್ಡಿ. ಈಗ ಉಕ್ಕಿನ ಪಟ್ಟಿ ಇಲ್ಲವೇ ಪ್ಲಾಸ್ಟಿಕ್ಕಿನ ಕೃತಕ ಬಲೀನ್. ಹಡಗಿಗೆ ಪ್ಲಾಸ್ಟಿಕ್ಕಿನದೇ ಬೇಕು. ಉಪ್ಪುನೀರು ತಗುಲಿದ ಉಕ್ಕು ತುಕ್ಕು ಹಿಡಿದು ಲಿನನ್ನಿಗೆ ಕಂದು ಗೆರೆ ಬಿಡುತ್ತದೆ ಎನ್ನುವುದು ಒಂದು ಕಾರಣ. ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಕಾರಣ ದಿಕ್ಸೂಚಿ. ಚುಕ್ಕಾಣಿಯ ಮುಂದಿರುವ ಕಾಂತದ ದಿಕ್ಸೂಚಿಗೆ ಉಕ್ಕಿನ ಪಟ್ಟಿಗಳಿರುವ ಸೊಂಟ ಒರಗಿದರೆ ಮುಳ್ಳು ಅತ್ತಿತ್ತ ಸರಿಯುತ್ತದೆ. ಚುಕ್ಕಾಣಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಆದ್ದರಿಂದ ಇದು ದೂರದ ಮಾತಲ್ಲ. ಮೊಬೈಲಿನ ಕಾಂತದ ಮುಚ್ಚಳವನ್ನೂ ಅಲ್ಲಿಂದ ಒಂದು ಮೀಟರ್ ಆಚೆ ಇಡಿ. ಸ್ಟೇಸ್‌ನ ದಾರವನ್ನು ಎಂದಿನ ಬಿಗಿಗಿಂತ ಮೂರು ನಾಲ್ಕು ಸೆಂಟಿಮೀಟರ್ ಸಡಿಲವಾಗಿ ಕಟ್ಟಬೇಕು. ಹಡಗು ಅಲುಗಾಡುವಾಗ ಹೊಟ್ಟೆ ಬಿಗಿದುಕೊಂಡಿದ್ದರೆ ವಾಂತಿ ಬೇಗ ಬರುತ್ತದೆ.

ಟೋಪಿಯ ಮಾತು ಬಂದರೆ ಗುಂಪಿನಲ್ಲಿ ಜಗಳ ಖಂಡಿತ. ವಿನ್ಸೆಂಜೊ ಲುನಾರ್ಡಿ 1784ರಲ್ಲಿ ಲಂಡನ್ನಿನಿಂದ ಬಲೂನಿನಲ್ಲಿ ಹಾರಿದ ಮೇಲೆ ಬಲೂನಿನಂತೆ ಉಬ್ಬಿದ ಟೋಪಿ ಫ್ಯಾಷನ್ನಾಯಿತು, ಅವನ ಹೆಸರೇ ಅದಕ್ಕೆ ಬಿತ್ತು. ನೋಡಲು ಸೊಗಸು, ಹಡಗಿನಲ್ಲಿ ಅದೂ ಹಾರುತ್ತದೆ. ತಗ್ಗು ತಲೆಯ ಹುಲ್ಲಿನ ಟೋಪಿಯೇ ಲೇಸು. ಕೆಳಗೆ ಲಿನನ್ ಕುಲಾವಿ ಇರಲಿ, ಹುಲ್ಲು ಬಟ್ಟೆಯ ಮೇಲೆ ಜಾರದೆ ನಿಲ್ಲುತ್ತದೆ. ರಿಬ್ಬನ್ನನ್ನು ಟೋಪಿಯ ಮೇಲಿಂದ ತಂದು ಗದ್ದದ ಕೆಳಗಲ್ಲ, ಕತ್ತಿನ ಹಿಂಭಾಗದಲ್ಲಿ ಜಡೆಯ ಗಂಟಿನ ಕೆಳಗೆ ಕಟ್ಟಬೇಕು. ಗದ್ದಕ್ಕೆ ಕಟ್ಟಿದ ಟೋಪಿಯನ್ನು ಗಾಳಿ ಹಿಂದಕ್ಕೆ ತಳ್ಳಿದಾಗ ರಿಬ್ಬನ್ ಗಂಟಲಿಗೆ ಬರುತ್ತದೆ. ಗಂಡಸರ ಮೂರು ಮೂಲೆಯ ಟೋಪಿಗೆ ಒಳಗಿನ ಪಟ್ಟಿಯಿಂದ ತೆಳು ದಾರವೊಂದನ್ನು ತಂದು ಕೋಟಿನ ಎರಡನೆಯ ಗುಂಡಿಗೆ ಸಿಕ್ಕಿಸಿದರೆ ಟೋಪಿ ಹಾರಿದರೂ ಹೆಗಲಿನಲ್ಲೇ ನೇತಾಡುತ್ತದೆ. ವಿಗ್ಗು, ತಲೆಗೆ ಹಚ್ಚುವ ಪಿಷ್ಟದ ಪುಡಿ ದಡದಲ್ಲೇ ಇರಲಿ. ತೇವ ತಗುಲಿದ ಪುಡಿ ಅಂಟಾಗಿ ಹೆಗಲಿಗೆ ಇಳಿಯುತ್ತದೆ.

ಗಂಡಸರ ಕಡೆ ಎಲ್ಲರಿಗೂ ಅಧಿಕಾರಿಯ ಪಾತ್ರವೇ ಬೇಕು. ಬ್ರಿಟನ್ನಿನ ನೌಕಾಪಡೆಯ ಅಧಿಕಾರಿಗಳಿಗೆ ಸಮವಸ್ತ್ರ ಬಂದದ್ದು 1748ರಲ್ಲಿ, ಸಾಮಾನ್ಯ ನಾವಿಕರಿಗೆ 1857ರಲ್ಲಿ. ಹಾಗಾಗಿ 1780ರ ನಾವಿಕನ ವೇಷಕ್ಕೆ ಕಟ್ಟುಪಾಡು ಕಡಿಮೆ, ಅನುಕೂಲ ಹೆಚ್ಚು: ಚೌಕುಳಿ ಲಿನನ್ ಅಂಗಿ, ಕುತ್ತಿಗೆಗೆ ಕರವಸ್ತ್ರ, ಅಗಲ ಕಾಲಿನ ಗಿಡ್ಡ ಸ್ಲಾಪ್ಸ್ ಚಲ್ಲಣ, ಸೊಂಟದವರೆಗಿನ ಉಣ್ಣೆ ಜಾಕೆಟ್. ನಾವಿಕರ ಜಾಕೆಟ್ ಗಿಡ್ಡವಾಗಿದ್ದುದು ಚಂದಕ್ಕಲ್ಲ. ಬಾಲವಿರುವ ಕೋಟು ಹಗ್ಗಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಧಿಕಾರಿಯಾಗಿ ಬರುವವರು ಕತ್ತಿಯನ್ನು ದಡದಲ್ಲೇ ಬಿಡಲಿ. ಏಣಿ ಇಳಿಯುವಾಗ ಒರೆಯ ತುದಿ ಮೆಟ್ಟಿಲ ಸಂದಿಗೆ ಸಿಕ್ಕಿ ತೊಟ್ಟವನನ್ನು ಮುಗ್ಗರಿಸುತ್ತದೆ. ಬಕಲ್ ಇರುವ ಶೂ ಬದಲು ಲೇಸಿನದು ಹಾಕುವುದು ಮೇಲು. ಬಕಲ್‌ನ ಮೂಲೆಗೆ ಡೆಕ್ಕಿನ ಮೇಲಿನ ಹಗ್ಗದ ಸುರುಳಿ ಸಿಕ್ಕುತ್ತದೆ.

ಶೂ ತಳದ ಬಗ್ಗೆ ರಾಜಿ ಬೇಡವೇ ಬೇಡ. ಬರಿ ಚರ್ಮದ ತಳ ಒದ್ದೆ ಹಲಗೆಯ ಮೇಲೆ ಸಾಬೂನಿನಂತೆ ಜಾರುತ್ತದೆ. ಮೊಳೆ ಹೊಡೆದ ತಳವನ್ನೂ ಚೂಪು ಹಿಮ್ಮಡಿಯನ್ನೂ ಹಡಗಿನವರೇ ಒಳಗೆ ಬಿಡುವುದಿಲ್ಲ, ಮೆತ್ತನೆಯ ಪೈನ್ ಹಲಗೆಗೆ ಕುಳಿ ಬೀಳುತ್ತದೆ. ಚರ್ಮದ ತಳವನ್ನು ಮರಳು ಕಾಗದದಿಂದ ಉಜ್ಜಿ 2 ಮಿಲಿಮೀಟರಿನ ರಬ್ಬರ್ ಹಾಳೆಯನ್ನು ಅಂಟಿಸಿ, ಒಂದು ರಾತ್ರಿ ಭಾರದ ಕೆಳಗೆ ಇಟ್ಟರೆ ಪಕ್ಕದಿಂದ ನೋಡಿದವರಿಗೂ ಗೊತ್ತಾಗುವುದಿಲ್ಲ. ರಬ್ಬರ್ ಕಪ್ಪಾಗಿದ್ದು ಡೆಕ್ಕಿಗೆ ಗೆರೆ ಎಳೆಯುವಂಥದ್ದಾಗಿರಬಾರದು.

ಹಡಗು ಗೊತ್ತುಮಾಡುವಾಗ ಕಪ್ತಾನರಿಗೆ ಉಡುಪಿನ ವಿಷಯ ಮೊದಲೇ ಬಿಡಿಸಿ ಹೇಳಬೇಕು, ಸಾಧ್ಯವಾದರೆ ಫೋಟೋ ತೋರಿಸಬೇಕು. ಎಷ್ಟು ಜನರನ್ನು ಹತ್ತಿಸಬಹುದು ಎನ್ನುವುದು ಹಡಗಿನ ಪರವಾನಗಿಗೆ ಬಿಟ್ಟದ್ದು. ಅಂತರರಾಷ್ಟ್ರೀಯ ನಿಯಮದಲ್ಲಿ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕರ ಹಡಗು ಎನಿಸಿಕೊಳ್ಳುತ್ತದೆ, ಕಟ್ಟಳೆಗಳೆಲ್ಲ ಬದಲಾಗುತ್ತವೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಗಾಳಿ ಬ್ಯೂಫರ್ಟ್ ಮಾಪನದ 3 ಅಥವಾ 4ರಲ್ಲಿ, ಎಂದರೆ 7ರಿಂದ 16 ನಾಟ್ ಒಳಗೆ ಇದ್ದರೆ ಹಾಯಿಯೂ ತುಂಬುತ್ತದೆ, ಟೋಪಿಯೂ ಉಳಿಯುತ್ತದೆ. 5ಕ್ಕೆ ಹೋದರೆ ಉಡುಪಿನ ಸವಾರಿಯನ್ನು ಮುಂದೂಡುವ ಮಾತನ್ನು ಮೊದಲೇ ಬರೆಸಿಕೊಳ್ಳುವುದು ಜಾಣತನ. ಅಂತಿಮ ಮಾತು ಕಪ್ತಾನರದೇ.

ಲೈಫ್ ಜಾಕೆಟ್ಟಿನಿಂದ ಫೋಟೋ ಕೆಡುತ್ತದೆ ಎಂದು ಗೊಣಗುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಕೋಟಿನ ಒಳಗೆ ಅಥವಾ ಮೇಲಂಗಿಯ ಕೆಳಗೆ ಬಚ್ಚಿಟ್ಟು ತೊಡುವ ಉಪಾಯವನ್ನೂ ಅವರೇ ಹೇಳುತ್ತಾರೆ. ಅದು ಅಪಾಯ. ಬಿಗಿ ಕೋಟಿನೊಳಗೆ ಚೀಲ ಉಬ್ಬಿದರೆ ಎದೆ, ಕುತ್ತಿಗೆ ಒತ್ತಿಹೋಗುತ್ತದೆ, ತಲೆಯನ್ನು ನೀರಿನ ಮೇಲೆ ಹಿಡಿಯಬೇಕಾದ ಚೀಲ ತನ್ನ ಜಾಗಕ್ಕೆ ಬರುವುದೇ ಇಲ್ಲ. ಎಲ್ಲ ಬಟ್ಟೆಗಳ ಮೇಲೆಯೇ ಅದು ಇರಬೇಕು. ಆದ್ದರಿಂದ ಉದ್ದನೆಯ ಉಣ್ಣೆ ಮೇಲಂಗಿ ಬಿಟ್ಟು ಒಳಗೆ ಇನ್ನೊಂದು ಉಣ್ಣೆ ಪದರ ಹಾಕಿಕೊಳ್ಳುವುದು ಒಳ್ಳೆಯದು. ತೊಡೆಯ ಸಂದಿಯಿಂದ ಬರುವ ಪಟ್ಟಿ ಲಂಗದವರಿಗೆ ತೊಡಕು. ಅದಿಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮುಖದ ಮೇಲಕ್ಕೆ ಜಾರುತ್ತದೆ. ಪಟ್ಟಿಯನ್ನು ಹಿಂದಿನಿಂದ ಲಂಗದ ಪಕ್ಕದ ಸೀಳಿನೊಳಕ್ಕೆ ತೂರಿಸಿ, ಕಾಲ ನಡುವೆ ತಂದು, ಇನ್ನೊಂದು ಸೀಳಿನಿಂದ ಹೊರಗೆಳೆದು ಮುಂದೆ ಸಿಕ್ಕಿಸಿದೆವು. ಸೀಳಿನ ಎರಡನೆಯ ಉಪಯೋಗ ಇದೇ. ಇದನ್ನು ದಡದಲ್ಲೇ ಒಬ್ಬರಿಗೊಬ್ಬರು ಸಹಾಯ ಮಾಡಿಕೊಂಡು ಮುಗಿಸಿ, ಹಡಗಿನವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು.

ಹತ್ತುವಾಗ ಹಲಗೆಯ ಮೇಲೆ ಒಬ್ಬೊಬ್ಬರೇ. ಎಡಗೈಯಲ್ಲಿ ಲಂಗದ ಮುಂಭಾಗ, ಬಲಗೈ ಕಟಕಟೆಗೆ. ಕೈಚೀಲ, ಬುಟ್ಟಿಗಳನ್ನು ಮೊದಲೇ ದಾಟಿಸಿಬಿಡಬೇಕು. ಹಿಡಿದುಕೊಳ್ಳಲು ಶ್ರೌಡ್ ಆಗಬಹುದು, ಎಂದರೆ ಕೂವೆಯನ್ನು ಪಕ್ಕಕ್ಕೆ ಬಿಗಿದ ನಿಂತ ಹಗ್ಗ. ಗೂಟಗಳಿಗೆ ಸುತ್ತಿದ ಓಡುವ ಹಗ್ಗಗಳನ್ನು ಮುಟ್ಟಬಾರದು, ಅವು ಯಾವಾಗ ಸಡಿಲವಾಗುತ್ತವೆಂದು ಹೇಳಲಾಗದು. ಕೆಳಗಿನ ಕೋಣೆಗೆ ಇಳಿಯುವ ಏಣಿ ಕಡಿದಾಗಿರುತ್ತದೆ. ಮುಖವನ್ನು ಏಣಿಯ ಕಡೆಗೇ ಇಟ್ಟು ಹಿಂದಕ್ಕೆ ಇಳಿಯಬೇಕು. ಲಂಗದ ಹಿಂಬದಿಯನ್ನು ಮುಂದಕ್ಕೆ ತಂದು ಸೊಂಟಪಟ್ಟಿಗೆ ಸಿಕ್ಕಿಸಿದರೆ ಎರಡೂ ಕೈ ಖಾಲಿ.

ಕೆಳಗಿನ ಕಕ್ಕಸು ಚಿಕ್ಕದು, ಪಂಪನ್ನು ಕೈಯಿಂದ ಒತ್ತಬೇಕು. ಲಂಗವನ್ನು ಅಂಚಿನಿಂದ ಮೇಲಕ್ಕೆ ಸುತ್ತಿ ತೋಳಿನಡಿ ಹಿಡಿದುಕೊಂಡೇ ಒಳಗೆ ಹೋಗುವುದು, ಒಳಗೆ ಹೋದ ಮೇಲೆ ಎತ್ತಲು ಜಾಗವಿರುವುದಿಲ್ಲ. ಸ್ಟೇಸ್ ತೊಟ್ಟವರು ನಡು ಬಗ್ಗಿಸಲಾರರು, ಪಂಪಿನ ಹಿಡಿಕೆಗೆ ಮೊಣಕಾಲು ಮಡಚಿ ಕೂರಬೇಕು. ಕಾಗದವೂ ಸೇರಿ ಏನನ್ನು ಹಾಕಬಾರದೆಂದು ಮೊದಲೇ ಕೇಳಿಕೊಳ್ಳಿ. ಕಟ್ಟಿಕೊಂಡ ಪಂಪು ಇಡೀ ದಿನದ ಗೋಳು.

ಹಾಯಿ ಏರಿಸುವ ಕೆಲಸಕ್ಕೆ ಪ್ರಯಾಣಿಕರನ್ನೂ ಕರೆಯುತ್ತಾರೆ, ದಿನದ ಸಾರವೇ ಅದು. ಅದಕ್ಕೂ ಮುಂಚೆ ಉಂಗುರ, ಬಳೆ, ಉದ್ದ ಸರ, ತೋಳಿನ ಜಾಲರಿ ಎಲ್ಲವೂ ಜೇಬಿಗೆ. ಏಪ್ರನ್ನಿನ ಲಾಡಿಯ ತುದಿಗಳನ್ನು ಒಳಗೆ ತುರುಕಬೇಕು. ಹಗ್ಗದ ಜೊತೆ ಲಾಡಿ ರಾಟೆಯೊಳಕ್ಕೆ ಹೋದರೆ ಹಿಂದೆಯೇ ಬೆರಳೂ ಹೋಗುತ್ತದೆ. ಗ್ಯಾಫ್ ಹಾಯಿಗೆ ಮೇಲೆ ಅಡ್ಡಮರವಿದೆ, ಅದನ್ನು ಎತ್ತಲು ಎರಡು ಹ್ಯಾಲ್ಯಾರ್ಡ್ ಹಗ್ಗ: ಕೂವೆಯ ಕಡೆಯ ತುದಿಗೆ ಥ್ರೋಟ್, ಹೊರಗಿನ ತುದಿಗೆ ಪೀಕ್. ಎರಡು ಸಾಲಾಗಿ ನಿಂತು ಎಳೆಯುವಾಗ ಅಡ್ಡಮರ ಹೆಚ್ಚುಕಡಿಮೆ ಮಟ್ಟವಾಗಿಯೇ ಮೇಲೇರಬೇಕು. ಒಂದು ಸಾಲು ಉತ್ಸಾಹದಿಂದ ಮುಂದೆ ಹೋದರೆ ಮರ ಓರೆಯಾಗಿ ಕೂವೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಥ್ರೋಟ್ ಪೂರ್ತಿ ಬಿಗಿಯಾದ ಮೇಲೆ ಪೀಕ್ ಕಡೆಯವರು ಉಳಿದದ್ದನ್ನು ಎಳೆದು ಹೊರತುದಿಯನ್ನು ಮೇಲಕ್ಕೆ ಒಯ್ಯುತ್ತಾರೆ, ಹಾಯಿಯ ಮೇಲಿನ ಓರೆ ಸುಕ್ಕುಗಳು ಆಗ ಬಿಚ್ಚಿಕೊಳ್ಳುತ್ತವೆ. ಎಳೆಯುವ ಬಲ ಬೆನ್ನಿನದಲ್ಲ, ತೊಡೆಯದು. ಇಲ್ಲಿ ಸ್ಟೇಸ್ ತೊಟ್ಟವರೇ ಗೆಲ್ಲುತ್ತಾರೆ: ನಡು ಬಗ್ಗುವುದೇ ಇಲ್ಲವಾದ್ದರಿಂದ ತಾವಾಗಿಯೇ ಸರಿಯಾದ ಭಂಗಿಯಲ್ಲಿ ನಿಲ್ಲುತ್ತಾರೆ. ಗೂಟಕ್ಕೆ ಕಟ್ಟುವವರು ಮೊದಲ ಸುತ್ತನ್ನು ಗೂಟದ ಕೆಳಗೆ ಹಾಕಿ, ಆಮೇಲೆ ಎಂಟರ ಆಕಾರದಲ್ಲಿ ಮೂರು ಸುತ್ತು ಹಾಕುತ್ತಾರೆ. ಹಗ್ಗ ಜಾರಿದರೆ ಅಂಗೈಯಲ್ಲಿ ಹರಿಯಗೊಡಬೇಡಿ, ಬಿಟ್ಟುಬಿಡುವ ಆಜ್ಞೆ ಬಂದರೆ ಬಿಡಿ. ಉಳಿದ ಹಗ್ಗದ ಸುರುಳಿಯೊಳಗೆ ಕಾಲಿಟ್ಟು ನಿಲ್ಲಬಾರದು. ಲಂಗದವರಿಗೆ ತಮ್ಮ ಪಾದವೇ ಕಾಣದಾದ್ದರಿಂದ ಪಕ್ಕದವರು ನೋಡಿ ಹೇಳಬೇಕು.

ಹೊರಟ ಮೇಲೆ ಹಡಗು ಒಂದು ಪಕ್ಕಕ್ಕೆ ವಾಲುತ್ತದೆ. ಗಾಳಿ ಬರುವ ಕಡೆಯ ಎತ್ತರದ ಪಕ್ಕದಲ್ಲಿ ಕೂರುವುದು ಒಣಗಿರುವ ದಾರಿ. ಹಾಯಿಯ ಕೆಳ ಅಂಚಿನ ಮರವಾದ ಬೂಮ್ ಓಲಾಡುವ ಜಾಗದಲ್ಲಿ ಟೋಪಿ ಹಾಕಿ ನಿಲ್ಲುವುದು ಬೇಡ, ಅಗಲ ಟೋಪಿ ಮೇಲಿನ ನೋಟವನ್ನೆಲ್ಲ ಮುಚ್ಚಿಬಿಡುತ್ತದೆ. ದಡದಲ್ಲಿ ಸೆಕೆಯಾದರೂ ನೀರಿನ ಮೇಲೆ ಚಳಿ ಇರುತ್ತದೆ. ಗಾಳಿಗೆ ಎದುರಾಗಿ ಓರೆಯಾಗಿ ಸಾಗುವಾಗ ಹಡಗಿನ ವೇಗವೂ ಸೇರಿ ಗಾಳಿ ಇನ್ನಷ್ಟು ಜೋರಾಗಿ ತಾಗುತ್ತದೆ. ವಾಂತಿಯ ಮಾತ್ರೆ ಬೇಕೆನ್ನುವವರು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಫಲವಿಲ್ಲ. ಹಡಗಿನ ನಡುಭಾಗದಲ್ಲಿ ಕುಳಿತು ದಿಗಂತ ನೋಡುವುದು, ಸ್ಟೇಸ್‌ನ ದಾರ ಇನ್ನೂ ಸಡಿಲಿಸುವುದು. ಊಟ ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದು, ಪಾತ್ರೆ ಮರದ್ದು ಅಥವಾ ತವರದ್ದು.

ಫೋಟೋಗೆ ಒಳ್ಳೆಯ ಹೊತ್ತು ಹೊರಡುವ ಮುಂಚಿನ ಅರ್ಧ ಗಂಟೆ. ಹಡಗು ಕಟ್ಟಿಯೇ ಇರುತ್ತದೆ, ಕಪ್ತಾನರು ಒಪ್ಪಿದರೆ ಲೈಫ್ ಜಾಕೆಟ್ ಇಲ್ಲದೆ ನಿಲ್ಲಬಹುದು, ಕೂದಲೂ ಇನ್ನೂ ಕೆದರಿರುವುದಿಲ್ಲ. ಸಾಗುವಾಗ ತೆಗೆದ ಚಿತ್ರಗಳಲ್ಲಿ ಜಾಕೆಟ್ ಇರಲಿ ಬಿಡಿ, ಹಗ್ಗ ಎಳೆಯುವ ಮುಖಗಳಿಗೆ ಅದರಿಂದ ಕುಂದಿಲ್ಲ. ಹಡಗಿನ ಸಿಬ್ಬಂದಿಯನ್ನು ಚಿತ್ರಕ್ಕೆ ಸೇರಿಸುವ ಮುನ್ನ ಕೇಳುವುದು ಮರ್ಯಾದೆ.

ಹಿಂದಿರುಗಿದ ಮೇಲಿನ ಕೆಲಸವನ್ನು ಮರುದಿನಕ್ಕೆ ಬಿಡಬಾರದು. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಅಂಥ ಬಟ್ಟೆ ಎಂದೂ ಪೂರ್ತಿ ಒಣಗುವುದಿಲ್ಲ. ಲಿನನ್ನನ್ನು ತಣ್ಣನೆಯ ಸಿಹಿನೀರಿನಲ್ಲಿ ಎರಡು ಬಾರಿ ಜಾಲಿಸಿ ಆಮೇಲೆ ಒಗೆಯುವುದು. ಉಣ್ಣೆಯನ್ನು ಹಿಂಡದೆ, ಸಿಹಿನೀರಿನ ಸ್ಪಂಜಿನಿಂದ ಒತ್ತಿ ಒರೆಸಿ, ಹರಡಿ ಒಣಗಿಸಿ, ಒಣಗಿದ ಮೇಲೆ ಬ್ರಷ್ ಮಾಡುವುದು. ಶೂಗಳಿಗೆ ಕಾಗದ ತುರುಕಿ ನೆರಳಲ್ಲಿ ಇಟ್ಟು ಕೊನೆಗೆ ಮೇಣ. ಹಿತ್ತಾಳೆಯ ಕೊಕ್ಕೆ, ಗುಂಡಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಬೇಕು, ಇಲ್ಲವಾದರೆ ಸುತ್ತಲಿನ ಬಟ್ಟೆಗೆ ಹಸಿರು ಕಲೆ.

ಟಾರಿನ ಕಲೆ ಯಾರಿಗಾದರೂ ಒಬ್ಬರಿಗೆ ಆಗಿಯೇ ಇರುತ್ತದೆ, ಸಾಮಾನ್ಯವಾಗಿ ಶ್ರೌಡಿಗೆ ಒರಗಿದ ಹೆಗಲಿನ ಮೇಲೆ. ಬಿಸಿಲಿಗೆ ಮೆತ್ತಗಾದ ಪೈನ್ ಟಾರು ಬಟ್ಟೆಗೆ ಸಲೀಸಾಗಿ ಹತ್ತುತ್ತದೆ. ನೀರು ಹಾಕಿ ಉಜ್ಜಿದರೆ ಹರಡುತ್ತದಷ್ಟೆ. ಮೊದಲು ಮೊಂಡು ಚಾಕುವಿನಿಂದ ಕೆರೆಯಿರಿ. ಅಡುಗೆ ಎಣ್ಣೆಯನ್ನು ಕಲೆಯ ಮೇಲೆ ಹನಿಸಿ, ಟಾರು ಕರಗುವವರೆಗೆ ಕಾಯಿರಿ. ಹಳೆಯ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಬಟ್ಟೆಗೆ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಮತ್ತೆ ಎಣ್ಣೆ, ಮತ್ತೆ ಒತ್ತುವುದು. ಕೊನೆಗೆ ಉಳಿದ ಎಣ್ಣೆಗೆ ಪಾತ್ರೆ ತೊಳೆಯುವ ದ್ರವ ಮತ್ತು ಉಗುರುಬೆಚ್ಚಗಿನ ನೀರು. ಉಣ್ಣೆಯಾದರೆ ಉಜ್ಜದೆ ಒತ್ತಿಯೇ ತೆಗೆಯಬೇಕು, ಉಜ್ಜಿದರೆ ಆ ಜಾಗ ಗಟ್ಟಿಯಾಗಿ ಸುಕ್ಕುತ್ತದೆ.